ಮಗು ಬಂದು ಹೇಳುವ ಮನೆ

(ಪ್ರಾಥಮಿಕ ಶಾಲೆಯೊಂದರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಂಟರ್‌ನೆಟ್‌ನಲ್ಲಿ ಸುರಕ್ಷಿತವಾಗಿರುವುದನ್ನು ಕಲಿಸುವುದು ಹೇಗೆಂಬುದು ಇಂದಿನ ವಿಷಯವಾಗಿದೆ. ಆರೇಳು ವರ್ಷದ ಮಗುವಿಗೆ ಇದೆಲ್ಲ ಯಾಕೆ, ಹೈಸ್ಕೂಲಿಗೆ ಬರಲಿ, ಆಗ ಹೇಳೋಣ ಎಂದು ಭಾವಿಸುವವರು ಈ ಸಭೆಯಲ್ಲಿಯೂ ಇರಬಹುದು. ಅವರಲ್ಲಿ ನಾವು ಒಂದು ಪ್ರಶ್ನೆಯನ್ನು ಕೇಳಬಯಸುತ್ತೇವೆ. ನಿಮ್ಮ ಮೊಬೈಲಿನ ಬೀಗದ ಸಂಖ್ಯೆ ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತಿದೆ? ಅಜ್ಜಿಗೆ ಗೊತ್ತಿರಲಾರದು. ಗಂಡನ ಮೊಬೈಲಿನ ಸಂಖ್ಯೆ ಹೆಂಡತಿಗೂ, ಹೆಂಡತಿಯ ಮೊಬೈಲಿನದು ಗಂಡನಿಗೂ ಗೊತ್ತಿಲ್ಲದ ಮನೆಗಳಿವೆ. ಆದರೆ ಎರಡನೆಯ ತರಗತಿಯ ಮಗುವಿಗೆ ಎರಡೂ ಗೊತ್ತಿರುತ್ತವೆ. ಕಲಿಸಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸುತ್ತೇವೆ.

ಮೊಬೈಲನ್ನೇ ಮನೆಯಿಂದ ದೂರವಿಟ್ಟರೆ ಸಮಸ್ಯೆ ಮುಗಿಯಿತಲ್ಲವೇ ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಕಳವಳವನ್ನು ನಾವು ಗೌರವಿಸುತ್ತೇವೆ. ಆದರೆ ಮೊಬೈಲು ನಮ್ಮ ಮನೆಗಳಿಗೆ ಪ್ರವೇಶಿಸಿದ ಬಗೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಭಟ್ಕಳದಿಂದ ಉಳ್ಳಾಲದವರೆಗಿನ ನಮ್ಮ ಪಟ್ಟಣಗಳಲ್ಲಿ ಎಷ್ಟೋ ಮಕ್ಕಳ ಪಾಲಿಗೆ ತಂದೆಯೆಂದರೆ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ರಜೆಯಲ್ಲಿ ಬರುವ ವ್ಯಕ್ತಿ. ಉಳಿದ ದಿನಗಳಲ್ಲಿ ಆತ ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಒಂದು ಮುಖ. ಆ ಮುಖ ಕಾಣುವುದು ಮೊಬೈಲಿನ ಪರದೆಯಲ್ಲಿ. ಹಿಂದೆ ಕ್ಯಾಸೆಟ್ಟಿನಲ್ಲಿ ಮಾತನ್ನು ಧ್ವನಿಮುದ್ರಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದ ಕಾಲವನ್ನು ಕಂಡ ತಾಯಂದಿರು ಇಲ್ಲಿದ್ದಾರೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವಾಟ್ಸ್ಯಾಪ್ ಕರೆಗೆ ಬಹುಕಾಲ ನಿರ್ಬಂಧವಿದ್ದುದರಿಂದ ಓದು ಬರಹ ತಿಳಿಯದ ಅಜ್ಜಿಯರೂ ಬೋಟಿಂ ತೆರೆಯುವುದನ್ನು ಕಲಿತರು. ಮಗುವಿಗೆ ತಂದೆಯ ಮುಖ ತೋರಿಸಿದ ಸಾಧನವನ್ನು ಶತ್ರುವೆಂದು ಸಾರಿ ಹೊರಗಟ್ಟುವುದು ನಮ್ಮಿಂದ ಸಾಧ್ಯವಾಗುವ ಕೆಲಸವಲ್ಲ.

ಎರಡನೆಯ ಬಾರಿ ಮೊಬೈಲು ಶಾಲೆಯಾಗಿ ಮನೆಗೆ ಬಂತು. 2020ರ ಕೊರೋನಾ ಕಾಲದಲ್ಲಿ ಕರ್ನಾಟಕ ಸರಕಾರವು ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಜೂನ್ ತಿಂಗಳಲ್ಲಿ ನಿರ್ಬಂಧ ವಿಧಿಸಿತ್ತು. ಜುಲೈಯಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಅದೇ ತಿಂಗಳಲ್ಲಿ ಕೇಂದ್ರವು ಪ್ರಕಟಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತ ಹೆಚ್ಚು ಪರದೆಯ ಪಾಠ ಬೇಡವೆಂದಿತು. ಕಾಗದದ ಮೇಲಿನ ಈ ವಾದಗಳೆಲ್ಲ ನಡೆಯುತ್ತಿದ್ದಾಗ ಮಕ್ಕಳ ಕೈಗೆ ಮೊಬೈಲು ಬಂದಾಗಿತ್ತು. ಮರುವರ್ಷ ಶಾಲೆಗಳು ತೆರೆದವು, ಮೊಬೈಲು ಮಾತ್ರ ಮರಳಿ ಕಪಾಟಿಗೆ ಹೋಗಲಿಲ್ಲ. ರಸ್ತೆ ದಾಟಲು ಕಲಿಸಿ ಶಾಲೆಗೆ ಕಳುಹಿಸಿದ ನಾವು ಈ ಹೆದ್ದಾರಿಗೆ ಮಕ್ಕಳನ್ನು ಏನೂ ಕಲಿಸದೆ ಬಿಟ್ಟಂತಾಯಿತು.

ಇನ್ನು ಅಪಾಯದ ಮಾತು. ನಮ್ಮ ಸಮಾಜದಲ್ಲಿ ಭಯವೂ ಫ್ಯಾಶನ್ನಿನಂತೆ ಬಂದು ಹೋಗುತ್ತದೆ. 2017ರಲ್ಲಿ 'ಬ್ಲೂ ವೇಲ್' ಎಂಬ ಆಟ ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತಿದೆಯೆಂದು ದೇಶವೇ ನಡುಗಿತು. 2018ರ ಜನವರಿಯಲ್ಲಿ ಕೇಂದ್ರ ಸರಕಾರ ಲೋಕಸಭೆಯಲ್ಲಿ ಉತ್ತರಿಸುತ್ತಾ, ಪರಿಶೀಲಿಸಿದ ಯಾವ ಪ್ರಕರಣದಲ್ಲಿಯೂ ಆ ಆಟದ ಪಾತ್ರ ಸಾಬೀತಾಗಿಲ್ಲವೆಂದಿತು. ಅದಾದ ಕೆಲವೇ ತಿಂಗಳಲ್ಲಿ 'ಮೊಮೊ' ಎಂಬ ಉಬ್ಬುಗಣ್ಣಿನ ಹೆಣ್ಣಿನ ಚಿತ್ರ ವಾಟ್ಸ್ಯಾಪಿನಲ್ಲಿ ಸುತ್ತಾಡಿತು. ಅದು ಜಪಾನಿನ ಕಲಾವಿದನೊಬ್ಬ 2016ರಲ್ಲಿ ಪ್ರದರ್ಶನಕ್ಕಾಗಿ ಮಾಡಿದ್ದ ರಬ್ಬರಿನ ಗೊಂಬೆ. ಮಕ್ಕಳನ್ನು ಹೆದರಿಸಿದ್ದು ಗೊಂಬೆಗಿಂತ ಹೆಚ್ಚಾಗಿ ಅದರ ಬಗ್ಗೆ ಎಚ್ಚರಿಕೆಯ ಸಂದೇಶಗಳನ್ನು ಹಂಚಿದ ದೊಡ್ಡವರೇ. ಇಂತಹ ಭೂತಗಳ ಬೆನ್ನು ಹತ್ತುವಾಗ ನಿಜವಾದ ಅಪಾಯ ಸದ್ದಿಲ್ಲದೆ ಪಕ್ಕದಲ್ಲಿ ಕುಳಿತಿರುತ್ತದೆ.

ನಿಜವಾದ ಅಪಾಯಕ್ಕೆ ಉಬ್ಬುಗಣ್ಣುಗಳಿಲ್ಲ. ಅದು ಬಹಳ ಸ್ನೇಹಮಯವಾಗಿರುತ್ತದೆ. ತಾಯಿ ಅಡುಗೆಮನೆಯಲ್ಲಿರುವಾಗ ಮಗು ಯೂಟ್ಯೂಬಿನಲ್ಲಿ ಒಂದು ಕಾರ್ಟೂನು ನೋಡುತ್ತದೆ. ಅದು ಮುಗಿದೊಡನೆ ಯಾರೂ ಮುಟ್ಟದೆಯೇ ಇನ್ನೊಂದು ಆರಂಭವಾಗುತ್ತದೆ. ಐದಾರು ದಾಟುವಾಗ ಪರದೆಯಲ್ಲಿ ಏನು ಬರುತ್ತಿದೆಯೆಂಬುದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮಕ್ಕಳಿಗೆ ಪ್ರಿಯವಾದ ಕಾರ್ಟೂನು ಪಾತ್ರಗಳನ್ನೇ ಬಳಸಿ ಹಿಂಸೆಯ ಮತ್ತು ಅಶ್ಲೀಲ ದೃಶ್ಯಗಳ ವಿಡಿಯೋಗಳನ್ನು ರಾಶಿ ರಾಶಿಯಾಗಿ ತಯಾರಿಸಿ ಹಾಕಿದ್ದು 2017ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಆಟಗಳ ಕಥೆಯೂ ಹೀಗೆಯೇ. ಈಗಿನ ಆಟಗಳೆಂದರೆ ನಾವು ಆಡಿದ ಲಗೋರಿಯಲ್ಲ. ಆಡುತ್ತಾ ಆಡುತ್ತಾ ಅಪರಿಚಿತರೊಡನೆ ಮಾತನಾಡುವ, ಸಂದೇಶ ಕಳುಹಿಸುವ ಅವಕಾಶ ಆಟದೊಳಗೇ ಇರುತ್ತದೆ. 'ನನಗೂ ಹತ್ತು ವರ್ಷ' ಎಂದು ಬರೆದವನಿಗೆ ನಿಜವಾಗಿ ಎಷ್ಟು ವರ್ಷವೆಂದು ಮಗುವಿಗೆ ತಿಳಿಯುವುದು ಹೇಗೆ? ಅವನು ಮೊದಲ ದಿನ ಆಟದ ನಾಣ್ಯಗಳನ್ನು ಉಡುಗೊರೆಯಾಗಿ ಕೊಡುತ್ತಾನೆ. ಮರುದಿನ ಹೆಸರು ಕೇಳುತ್ತಾನೆ. ಒಂದು ವಾರದ ಬಳಿಕ ಫೋಟೋ ಕೇಳುತ್ತಾನೆ. ಕೊನೆಗೆ, ಇದನ್ನು ಅಮ್ಮನಿಗೆ ಹೇಳಬೇಡ, ಹೇಳಿದರೆ ನಿನ್ನ ಮೊಬೈಲು ಕಿತ್ತುಕೊಳ್ಳುತ್ತಾರೆ ಎನ್ನುತ್ತಾನೆ.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ಗಮನಿಸಬೇಕೆಂದು ನಾವು ವಿನಂತಿಸುತ್ತೇವೆ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಮಗು ಬಂದು ಹೇಳಿದರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಮೊದಲು ನಡೆಯುವುದು ಅದೇ. ಮೊಬೈಲು ಕಿತ್ತುಕೊಳ್ಳಲಾಗುತ್ತದೆ, ಜೊತೆಗೆ ಎರಡೇಟು ಬೀಳುತ್ತದೆ. ಹೆಣ್ಣು ಮಗುವಾದರೆ ಮಾತು ಅಲ್ಲಿಗೂ ನಿಲ್ಲುವುದಿಲ್ಲ. ನೆಂಟರಿಗೆ ತಿಳಿದರೇನು ಗತಿ, ಮುಂದೆ ಸಂಬಂಧ ಕೂಡಿಬರುವುದೇ ಎಂಬ ಲೆಕ್ಕಾಚಾರ ಆರಂಭವಾಗುತ್ತದೆ. ಸ್ವಲ್ಪ ದೊಡ್ಡವಳಾದರೆ ಶಾಲೆಗೆ ಹೋಗಿದ್ದು ಸಾಕು ಎಂಬ ತೀರ್ಮಾನಕ್ಕೂ ಬರಲಾಗುತ್ತದೆ. ಅಪರಾಧ ಎಸಗಿದವನು ಎಲ್ಲೋ ಕುಳಿತು ಇನ್ನೊಂದು ಮಗುವನ್ನು ಹುಡುಕುತ್ತಿರುತ್ತಾನೆ, ಶಿಕ್ಷೆ ಅನುಭವಿಸುವವಳು ನಮ್ಮ ಮಗಳು. ಅಪರಾಧಿಯ ಕೈಯಲ್ಲಿರುವ ದೊಡ್ಡ ಆಯುಧ ಮೊಬೈಲೂ ಅಲ್ಲ, ಇಂಟರ್‌ನೆಟ್ಟೂ ಅಲ್ಲ. ಹೆತ್ತವರ ಬಗ್ಗೆ ಮಗುವಿಗಿರುವ ಭಯವೇ ಆ ಆಯುಧ. ಅದನ್ನು ಅವನ ಕೈಗೆ ಕೊಡುತ್ತಿರುವವರು ಯಾರೆಂದು ನಾವೇ ಹೇಳಬೇಕಾಗಿಲ್ಲ.

ಸ್ಪೇನ್ ದೇಶದ ಒಂದು ಘಟನೆಯನ್ನು ಇಲ್ಲಿ ಪ್ರಸ್ತಾಪಿಸುವುದು ಉಚಿತ. ಅಲ್ಮೆಂದ್ರಲೆಹೋ ಎಂಬ ಪುಟ್ಟ ಪಟ್ಟಣದಲ್ಲಿ 2023ರ ಸೆಪ್ಟೆಂಬರಿನಲ್ಲಿ 11ರಿಂದ 17 ವರ್ಷದ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ಮಾಮೂಲಿ ಫೋಟೋಗಳನ್ನು ತೆಗೆದುಕೊಂಡು, ಕೃತಕ ಬುದ್ಧಿಮತ್ತೆಯ ಒಂದು ಆ್ಯಪಿನ ಮೂಲಕ ನಗ್ನ ಚಿತ್ರಗಳನ್ನಾಗಿಸಿ ಹಂಚಲಾಯಿತು. ಹಂಚಿದವರು ಹೊರಗಿನವರೇನಲ್ಲ, ಅದೇ ಊರಿನ, ಅವರದೇ ಶಾಲೆಗಳ ಹುಡುಗರು. ಒಬ್ಬ ಹುಡುಗಿ ಮನೆಗೆ ಬಂದು ತಾಯಿಗೆ ಹೇಳಿದಳು. ಆ ತಾಯಿ ವೃತ್ತಿಯಿಂದ ಸ್ತ್ರೀರೋಗ ತಜ್ಞೆ. ಆಕೆ ಮುಚ್ಚಿಡಲಿಲ್ಲ. ತಾನೇ ಮುಂದೆ ಬಂದು ಸಾರ್ವಜನಿಕವಾಗಿ ಮಾತನಾಡಿ, ಇದರಲ್ಲಿ ಹುಡುಗಿಯರ ತಪ್ಪೇನೂ ಇಲ್ಲ, ಹೆದರದೆ ತಾಯಂದಿರಿಗೆ ಹೇಳಿರಿ ಎಂದು ಕರೆಕೊಟ್ಟಳು. ಇತರ ಹುಡುಗಿಯರೂ ಬಾಯಿ ಬಿಟ್ಟರು, ತಾಯಂದಿರು ಒಂದಾದರು, ಪೊಲೀಸರು ಹೆಜ್ಜೆ ಹಾಕಿದರು. 2024ರಲ್ಲಿ ಬಾಲನ್ಯಾಯಾಲಯವು 15 ಹುಡುಗರಿಗೆ ಒಂದು ವರ್ಷದ ನಿಗಾವಣೆಯ ಶಿಕ್ಷೆ ವಿಧಿಸಿತು. ಆ ಮಕ್ಕಳು ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗಿಂತ ಸ್ವಲ್ಪ ದೊಡ್ಡವರು ನಿಜ. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ತಾಯಿಯ ಬಳಿ ಬಂದು ಹೇಳುವ ಧೈರ್ಯ ಹನ್ನೊಂದನೆಯ ಹುಟ್ಟುಹಬ್ಬದ ದಿನ ಮೂಡುವುದಿಲ್ಲ. ಆರನೆಯ, ಏಳನೆಯ ವಯಸ್ಸಿನಲ್ಲಿ ಚಿಕ್ಕ ಪುಟ್ಟ ಸಂಗತಿಗಳನ್ನು ಹೇಳಿ, ಬೈಗುಳ ತಿನ್ನದೆ ಉಳಿದ ಅನುಭವದಿಂದ ಅದು ಬೆಳೆಯುತ್ತದೆ.

ಹಾಗಾದರೆ ಚಿಕ್ಕ ಮಗುವಿಗೆ ಏನು ಹೇಳಬೇಕು? ಅಪರಾಧಗಳ ವಿವರ ಹೇಳಿ ಹೆದರಿಸುವ ಅಗತ್ಯವಿಲ್ಲ. ಪರದೆಯಲ್ಲಿ ಏನಾದರೂ ಕಂಡು ನಿನಗೆ ಹೆದರಿಕೆಯಾದರೆ, ನಾಚಿಕೆಯಾದರೆ, ಹೊಟ್ಟೆಯಲ್ಲಿ ಒಂಥರಾ ಆದರೆ ಮೊಬೈಲನ್ನು ಕವುಚಿ ಇಟ್ಟು ನನ್ನ ಬಳಿ ಬಾ, ನಾನು ಬೈಯುವುದಿಲ್ಲ, ಮೊಬೈಲು ಕಸಿಯುವುದೂ ಇಲ್ಲ ಎಂಬಷ್ಟು ಸಾಕು. ಇದನ್ನು ಒಮ್ಮೆ ಹೇಳಿದರೆ ಸಾಲದು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಶಾಲೆಗಳಲ್ಲಿ ಅಣಕು ಅಭ್ಯಾಸ ನಡೆಸುವಂತೆ ಇದನ್ನೂ ಆಟವಾಗಿ ಮಾಡಿಸಬಹುದು. 'ಈಗ ಕೆಟ್ಟ ಚಿತ್ರ ಬಂತು ಅಂದುಕೋ, ಏನು ಮಾಡುತ್ತೀ?' ಎಂದು ಕೇಳಿ. ಮಗು ಮೊಬೈಲನ್ನು ಕವುಚಿಟ್ಟು ಓಡಿ ಬರಲಿ. ಮಕ್ಕಳು ಇದನ್ನು ಬಹಳ ಖುಷಿಯಿಂದ ಆಡುತ್ತಾರೆ. ಮತ್ತು ನೀವು ಕೊಟ್ಟ ಮಾತನ್ನು ಒಂದೇ ಒಂದು ಬಾರಿ ಮುರಿದರೂ ಮಗು ಎರಡನೆಯ ಬಾರಿ ಬರುವುದಿಲ್ಲ ಎಂಬುದು ನೆನಪಿರಲಿ.

ಗುಟ್ಟಿಗೂ ಅಚ್ಚರಿಗೂ ಇರುವ ವ್ಯತ್ಯಾಸವನ್ನು ಏಳು ವರ್ಷದ ಮಗು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ. ಈದ್‌ಗೆ ಅಣ್ಣನಿಗೆ ತಂದಿಟ್ಟ ಅಂಗಿಯ ವಿಷಯವನ್ನು ಹಬ್ಬದ ತನಕ ಹೇಳದಿರುವುದು ಅಚ್ಚರಿ. ಅದಕ್ಕೊಂದು ಕೊನೆಯ ದಿನವಿದೆ, ಕೊನೆಯಲ್ಲಿ ಎಲ್ಲರೂ ನಗುತ್ತಾರೆ. ಅಮ್ಮನಿಗೆ ಎಂದೆಂದೂ ಹೇಳಬಾರದೆಂದು ಯಾರಾದರೂ ಹೇಳಿದರೆ ಅದು ಗುಟ್ಟು. ದೊಡ್ಡವರು ಮಕ್ಕಳಿಗೆ ಗುಟ್ಟು ಕಾಯಲು ಹೇಳುವುದಿಲ್ಲ, ಹೇಳಿದವರು ಯಾರೇ ಆಗಿರಲಿ, ನೆಂಟರಾಗಿರಲಿ, ಗುರುಗಳಾಗಿರಲಿ, ಆ ಗುಟ್ಟನ್ನು ಆ ದಿನವೇ ಬಂದು ಹೇಳಬೇಕು. ಈ ಒಂದು ಪಾಠ ಪರದೆಯ ಒಳಗೂ ಉಪಯುಕ್ತ, ಹೊರಗೂ ಉಪಯುಕ್ತ.

ಇನ್ನೊಬ್ಬರ ಮನೆಯ ಬಾಗಿಲಲ್ಲಿ ಸಲಾಂ ಹೇಳಿ, ಅನುಮತಿ ದೊರೆತ ಬಳಿಕವೇ ಒಳಗೆ ಕಾಲಿಡಬೇಕೆಂದು ನಮ್ಮ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮುಂಚೆಯೇ ಕಲಿಯುತ್ತಾರೆ. ಮೂರು ಬಾರಿ ಸಲಾಂ ಹೇಳಿಯೂ ಉತ್ತರ ಬಾರದಿದ್ದರೆ ಮರಳಬೇಕೆಂಬುದನ್ನು ಮದ್ರಸದ ಚಿಕ್ಕ ತರಗತಿಯಲ್ಲಿಯೇ ಹೇಳಿಕೊಡಲಾಗುತ್ತದೆ. ಇಷ್ಟು ಚೆಲುವಾದ ಪಾಠ ನಮ್ಮ ಕೈಯಲ್ಲಿರುವಾಗ ಬೇರೆ ಪುಸ್ತಕ ಹುಡುಕಬೇಕೇ? ನಿನ್ನ ಹೆಸರು, ಶಾಲೆ, ಮನೆಯ ವಿಳಾಸ, ಅಪ್ಪನ ನಂಬರು, ನಿನ್ನ ಫೋಟೋ ಇವೆಲ್ಲ ಮನೆಯ ಒಳಗಿನವು. ಬಾಗಿಲು ತಟ್ಟಿದವರಿಗೆಲ್ಲ ಒಳಗೆ ಬನ್ನಿ ಎನ್ನಬೇಕಾಗಿಲ್ಲ. ಹಾಗೆಯೇ ಇನ್ನೊಬ್ಬರ ಫೋಟೋ ಅವರ ಮನೆ. ಕೇಳದೆ ತೆಗೆಯಬಾರದು, ಕೇಳದೆ ಕಳುಹಿಸಬಾರದು.

ಆದರೆ ಇಲ್ಲೊಂದು ತೊಡಕಿದೆ. ಮಗುವಿನ ಫೋಟೋವನ್ನು ಊರಿಗೆಲ್ಲ ಹಂಚುತ್ತಿರುವವರು ಯಾರು? ಶಾಲೆಯ ಮೊದಲ ದಿನ ಸಮವಸ್ತ್ರ ತೊಡಿಸಿ, ಎದೆಯ ಮೇಲಿನ ಶಾಲೆಯ ಹೆಸರು ಕಾಣುವಂತೆ ನಿಲ್ಲಿಸಿ, ಸ್ಟೇಟಸ್ ಹಾಕುವವರು ನಾವೇ. ಬಹುಮಾನ ಪಡೆದ ಮಕ್ಕಳ ಪೂರ್ಣ ಹೆಸರು ಮತ್ತು ತರಗತಿಯೊಂದಿಗೆ ಫೇಸ್‌ಬುಕ್ಕಿಗೆ ಏರಿಸುವ ಶಾಲೆಗಳಿವೆ. ಮಗುವಿನ ಫೋಟೋ ಹಾಕುವ ಮೊದಲು ಮಗುವನ್ನೇ ಕೇಳಿ ನೋಡಿ. 'ಬೇಡ' ಎಂದರೆ ಹಾಕಬೇಡಿ. ತನ್ನ 'ಬೇಡ'ಕ್ಕೆ ಮನೆಯಲ್ಲಿ ಬೆಲೆಯಿದೆಯೆಂದು ಕಂಡ ಮಗು ಹೊರಗೂ ಅದನ್ನು ಗಟ್ಟಿಯಾಗಿ ಹೇಳುತ್ತದೆ.

ಮಕ್ಕಳ ಮಾಹಿತಿ ಎಂಬುದು ಕಂಪೆನಿಗಳ ಪಾಲಿಗೆ ದೊಡ್ಡ ಸರಕು. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ ಆರೋಪದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರು ತೆರಬೇಕಾಯಿತು. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಬಂತು. 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದು ಎಂದು ಅದು ಹೇಳುತ್ತದೆ. ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಬರಬೇಕಾಯಿತು, ಜಾರಿಯೂ ಹಂತ ಹಂತವಾಗಿ. ಅದೇ ಕಾಯಿದೆಯಲ್ಲಿ ಸರಕಾರವು ತನ್ನ ಇಲಾಖೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಬಾಗಿಲನ್ನೂ ಅಗಲವಾಗಿ ತೆರೆದಿಟ್ಟಿದೆ, ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ಆಸ್ಟ್ರೇಲಿಯವು 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ 2025ರ ಡಿಸೆಂಬರಿನಿಂದ ನಿರ್ಬಂಧಿಸಿದೆ. ಕಾನೂನುಗಳು ಬರಲಿ. ಇನ್‌ಸ್ಟಾಗ್ರಾಮಿನ ನಿಯಮದಂತೆ ಈಗಲೂ 13 ವರ್ಷ ತುಂಬದವರಿಗೆ ಖಾತೆಯಿಲ್ಲ. ಆದರೆ ಒಂಬತ್ತು ವರ್ಷದ ಮಗನ ಹುಟ್ಟಿದ ವರ್ಷವನ್ನು ತಿದ್ದಿ ಖಾತೆ ತೆರೆದುಕೊಡುವ ಮಾವಂದಿರು ಎಲ್ಲ ಕುಟುಂಬಗಳಲ್ಲಿಯೂ ಇದ್ದಾರೆ. ಆ ಸುಳ್ಳು ಮಗುವಿನ ಕಣ್ಣೆದುರೇ ನಡೆಯುತ್ತದೆ.

ಸುಳ್ಳಿನ ಮಾತು ಬಂದುದರಿಂದ ಬೀದರಿನ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೋವೊಂದು ದೇಶದಾದ್ಯಂತ ಹರಿದಾಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವದು. ಮೂಲದಲ್ಲಿ ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಯಿತು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿಗೆ ಬಂದಿದ್ದ ಹೈದರಾಬಾದಿನ ಗೆಳೆಯರ ತಂಡವೊಂದು ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕಲೇಟು ಹಂಚಿತು. ಸುದ್ದಿ ವಾಟ್ಸ್ಯಾಪಿನಲ್ಲಿ ಅವರಿಗಿಂತ ಮುಂದಾಗಿ ಓಡಿ ಮುರ್ಕಿ ಗ್ರಾಮವನ್ನು ತಲುಪಿತು. ಅಲ್ಲಿ ಜನರ ಗುಂಪು ಅವರ ಕಾರನ್ನು ತಡೆದು ಥಳಿಸಿತು. ಒಬ್ಬ ಯುವ ಇಂಜಿನಿಯರ್ ಪ್ರಾಣ ತೆತ್ತ. ಮಗುವಿಗೆ ಚಾಕಲೇಟು ಕೊಟ್ಟದ್ದು ಅವನ ಅಪರಾಧ. ಮಕ್ಕಳ ರಕ್ಷಣೆಗೆಂದು ಮಾಡಿದ ಚಿತ್ರ, ಮಕ್ಕಳ ರಕ್ಷಣೆಯ ಹೆಸರಲ್ಲಿಯೇ ಒಬ್ಬನನ್ನು ಕೊಂದಿತು. ಆ ತಿಂಗಳಲ್ಲೇ ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ರವಾನಿಸದಂತೆ ಮಿತಿ ಹಾಕಿತು.

ಆದುದರಿಂದ ಮಗುವಿಗೆ ಸುರಕ್ಷೆ ಕಲಿಸುವಾಗ ಅದರಲ್ಲಿ ಒಂದು ಪಾಠ ಇದೂ ಆಗಿರಬೇಕು. ಕಂಡದ್ದನ್ನೆಲ್ಲ ನಂಬಬೇಡ, ನಂಬಿದ್ದನ್ನೆಲ್ಲ ಕಳುಹಿಸಬೇಡ. ಬೀದರಿನ ಘಟನೆ ನಡೆದ ಅದೇ ವರ್ಷ ನೆರೆಯ ಕಣ್ಣೂರಿನಲ್ಲಿ ಜಿಲ್ಲಾಧಿಕಾರಿಯಾಗಿದ್ದ ಮೀರ್ ಮುಹಮ್ಮದ್ ಅಲಿಯವರು 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಮಾರು 150 ಸರಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ಆರಂಭಿಸಿದರು. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು, ಬೇರೆಲ್ಲಿಯಾದರೂ ಇದು ಬಂದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ನಾಲ್ಕನೆಯ ತರಗತಿಯ ಮಗುವೂ ಕೇಳಬಲ್ಲದು. ಕುಟುಂಬದ ಗುಂಪಿನಲ್ಲಿ ಅಜ್ಜ ಹಾಕಿದ ಸಂದೇಶಕ್ಕೂ ಅದನ್ನು ಕೇಳಲಿ. ಅಜ್ಜನಿಗೆ ಸ್ವಲ್ಪ ಕೋಪ ಬರಬಹುದು, ಬರಲಿ.

ಇದಕ್ಕೆ ಸೇರಿದ ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಮಗುವಿಗೆ ಲೈಂಗಿಕ ಹಿಂಸೆ ನೀಡುವ ವಿಡಿಯೋವನ್ನು 'ಈ ಪಾಪಿಯನ್ನು ಹಿಡಿಯುವ ತನಕ ಹಂಚಿರಿ' ಎಂಬ ಒಕ್ಕಣೆಯೊಂದಿಗೆ ಸಜ್ಜನರೇ ಕಳುಹಿಸುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನ ಪ್ರಕಾರ ಅಂತಹ ದೃಶ್ಯವನ್ನು ಹಂಚುವುದು ಅಪರಾಧ, ಮೊದಲ ಬಾರಿಗೇ ಐದು ವರ್ಷಗಳ ವರೆಗೆ ಸೆರೆವಾಸ ಮತ್ತು ಹತ್ತು ಲಕ್ಷ ರೂಪಾಯಿ ವರೆಗೆ ದಂಡ ವಿಧಿಸಬಹುದು. ಅದನ್ನು ನೋಡುವುದು, ಮೊಬೈಲಿನಲ್ಲಿ ಇಟ್ಟುಕೊಳ್ಳುವುದೂ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಮ್ ಕೋರ್ಟು 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಕಾನೂನು ಹಾಗಿರಲಿ, ಆ ವಿಡಿಯೋದಲ್ಲಿರುವ ಮಗುವಿಗೆ ಪ್ರತಿಯೊಂದು ಫಾರ್ವರ್ಡ್ ಕೂಡ ಮತ್ತೊಂದು ಹಿಂಸೆ. ಅದನ್ನು ಹಂಚದೆ ಪೊಲೀಸರಿಗೆ ದೂರು ಕೊಡುವುದೊಂದೇ ದಾರಿ.

ಈ ತನಕ ನಾವು ಮಕ್ಕಳಿಗೆ ಆಗಬಹುದಾದ ಹಾನಿಯ ಬಗ್ಗೆ ಮಾತನಾಡಿದೆವು. ನಮ್ಮ ಮಕ್ಕಳಿಂದ ಇತರರಿಗೆ ಆಗಬಹುದಾದ ಹಾನಿಯ ಬಗ್ಗೆ ಸಭೆಗಳಲ್ಲಿ ಯಾರೂ ಮಾತನಾಡುವುದಿಲ್ಲ. 2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿ ಒಂದರಂದು ಮತ್ತೊಮ್ಮೆ, ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಕದ್ದು ಹರಾಜಿಗಿಟ್ಟ ಆ್ಯಪುಗಳು ಕಾಣಿಸಿಕೊಂಡಿದ್ದನ್ನು ನೀವು ಮರೆತಿರಲಾರಿರಿ. ಪತ್ರಕರ್ತೆಯರು, ವಕೀಲೆಯರು, ಹೋರಾಟಗಾರ್ತಿಯರು, ದನಿಯೆತ್ತಿದ ಹೆಣ್ಣುಮಕ್ಕಳೆಲ್ಲ ಅದರಲ್ಲಿದ್ದರು. ಎರಡನೆಯ ಪ್ರಕರಣದಲ್ಲಿ ಬಂಧಿತರಾದ ಆರೋಪಿಗಳಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಉತ್ತರಾಖಂಡದ 18 ವರ್ಷದ ಯುವತಿಯೂ ಇದ್ದರು. ಆಗ ನಮ್ಮ ಅನೇಕ ಮನೆಗಳಲ್ಲಿ ಕೇಳಿಬಂದ ಮಾತು, ಹುಡುಗಿಯರೇ, ನಿಮ್ಮ ಫೋಟೋ ತೆಗೆದುಹಾಕಿ ಎಂಬುದು. ಹುಡುಗರನ್ನು ಕೂರಿಸಿ ಮಾತನಾಡಿದ ಮನೆಗಳೆಷ್ಟು? ದ್ವೇಷ ಮಾಡಿಸಿದ್ದು ಅದೆಂಬುದರಲ್ಲಿ ಸಂಶಯವಿಲ್ಲ. ಆದರೆ ಸ್ಪೇನಿನ ಹುಡುಗರಿಗೆ ಯಾವ ದ್ವೇಷವಿತ್ತು? ಅವರಿಗೆ ಅದೊಂದು ತಮಾಷೆ. ತಮಾಷೆಗೆಂದು ಸಹಪಾಠಿಯ ಮುಖಕ್ಕೆ ಕತ್ತೆಯ ಕಿವಿ ಅಂಟಿಸಿ ಹಂಚಿದ ಎಂಟು ವರ್ಷದ ಹುಡುಗನನ್ನು ಕಂಡು ನಾವು ನಕ್ಕರೆ, ಹದಿನೈದನೆಯ ವಯಸ್ಸಿನಲ್ಲಿ ಅವನು ಎಲ್ಲಿಗೆ ತಲುಪಬಹುದೆಂದು ಯೋಚಿಸಬೇಕು. ಅಳುತ್ತಿರುವ ಸಹಪಾಠಿಯ ಮುಖವನ್ನು ಅವನಿಗೆ ತೋರಿಸಿ, 'ಇದು ನಿನ್ನ ತಂಗಿಯಾಗಿದ್ದರೆ' ಎಂದು ಕೇಳುವ ರೂಢಿಯಿದೆ. ಅದೂ ಸಾಲದು. ಅವಳು ಯಾರ ತಂಗಿಯೂ ಅಲ್ಲದಿದ್ದರೂ ಅವಳು ಮನುಷ್ಯಳು, ಅವಳನ್ನು ಕೇಳಬೇಕಾಗಿತ್ತು ಎಂಬಷ್ಟನ್ನು ಕಲಿಸಬೇಕು.

ಹಣದ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇವೆ. ಗೂಗಲ್ ಪೇ, ಫೋನ್‌ಪೇಗಳ ಪಿನ್ ಮತ್ತು ಓಟಿಪಿ ಮಕ್ಕಳಿಗೆ ತಿಳಿದಿರಬಾರದು. ಆಟದೊಳಗಿನ ಖರೀದಿಗೆ ಪಾಸ್‌ವರ್ಡ್ ಇರುವಂತೆ ಮೊಬೈಲಿನಲ್ಲಿ ವ್ಯವಸ್ಥೆ ಮಾಡಬಹುದು, ಪರಿಚಯದ ಅಂಗಡಿಯವರೂ ಮಾಡಿಕೊಡುತ್ತಾರೆ. ಗೂಗಲ್ಲಿನ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪಿನಿಂದ ಮಗುವಿನ ಮೊಬೈಲು ಬಳಕೆಯ ಸಮಯವನ್ನು ಮಿತಿಗೊಳಿಸಬಹುದು. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇವೆಲ್ಲ ಬೇಲಿಗಳು. ಬೇಲಿ ಬೇಕು. ಮಗುವಿಗೆ ತಿಳಿಸಿ ಹಾಕಿದ ಬೇಲಿಗೂ, ತಿಳಿಯದಂತೆ ಅದರ ಸಂದೇಶಗಳನ್ನು ಕದ್ದು ಓದುವುದಕ್ಕೂ ಅಂತರವಿದೆ. ಕದ್ದು ಓದಿದ್ದು ಒಂದು ದಿನ ತಿಳಿಯುತ್ತದೆ, ಆ ಬಳಿಕ ಮಗು ಅಡಗಿಸುವುದರಲ್ಲಿ ನಮಗಿಂತ ನಿಪುಣವಾಗುತ್ತದೆ.

ಕೊನೆಯದಾಗಿ, ಪೊಲೀಸ್ ಠಾಣೆಯ ಭಯ. ನಮ್ಮ ಜನರಿಗೆ ಠಾಣೆಯೆಂದರೆ ಹೆದರಿಕೆಯಿದೆ. ಅದಕ್ಕೆ ಕಾರಣಗಳೂ ಇವೆ, ಅವು ಎಲ್ಲರಿಗೂ ತಿಳಿದಿವೆ. ಆದರೆ ಈ ಹೆದರಿಕೆಯ ಬೆಲೆ ತೆರಬೇಕಾದುದು ಮಗು ಅಲ್ಲ. 2012ರ ಪೋಕ್ಸೋ ಕಾಯಿದೆ ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ ಪಡೆಯಬೇಕೆಂದು ಹೇಳುತ್ತದೆ. ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯೇ ಅದನ್ನು ಪಡೆಯಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಹೆತ್ತವರು ಅಥವಾ ಮಗುವಿಗೆ ನಂಬಿಕೆಯಿರುವವರು ಜೊತೆಗಿರಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಮಗುವಿನ ಹೆಸರು, ವಿಳಾಸ, ಶಾಲೆ, ಕುಟುಂಬದ ಗುರುತು ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಇದು ಸರಕಾರದ ಔದಾರ್ಯವಲ್ಲ, ಮಗುವಿನ ಹಕ್ಕು. ಪಾಲಿಸದಿದ್ದರೆ ಕೇಳುವ ಅಧಿಕಾರ ನಮಗಿದೆ. ಇನ್ನೊಂದೆಡೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದೂ ದೂರು ಕೊಡದೆ ಮುಚ್ಚಿಟ್ಟವರನ್ನು ಅದೇ ಕಾಯಿದೆ ಅಪರಾಧಿಗಳೆಂದು ಪರಿಗಣಿಸುತ್ತದೆ. ಶಾಲೆಯ ಆಡಳಿತ ಮಂಡಳಿಯವರು, ಮದ್ರಸ ಮತ್ತು ಜಮಾಅತ್‌ನ ಹೊಣೆಗಾರರು ಇದನ್ನು ಗಮನಿಸಬೇಕು. ಸಂಸ್ಥೆಯ ಹೆಸರು ಕೆಡುತ್ತದೆಂದು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ.

ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮಗುವೇ ಕರೆ ಮಾಡಬಹುದು, ಹಗಲು ರಾತ್ರಿ ಉಚಿತ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರ ಮತ್ತು ಮಕ್ಕಳ ವಿಷಯದಲ್ಲಿ ಹೆಸರು ತಿಳಿಸದೆಯೂ ದೂರು ದಾಖಲಿಸುವ ಅವಕಾಶವಿದೆ. ಜಿಲ್ಲಾ ಕೇಂದ್ರದಲ್ಲಿ ಸಿ.ಇ.ಎನ್. ಪೊಲೀಸ್ ಠಾಣೆಯಿದೆ. ದೂರು ಕೊಡುವ ಮೊದಲು ಸಂದೇಶಗಳನ್ನು ಅಳಿಸಬೇಡಿ. ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ, ಪುರಾವೆಯೂ ಅದರೊಂದಿಗೆ ಹೋಗುತ್ತದೆ.

1098 ಎಂಬುದನ್ನು ನಾಳೆಯಿಂದ ಪ್ರತಿ ತರಗತಿಯ ಗೋಡೆಯಲ್ಲಿ, ಮಕ್ಕಳ ಕಣ್ಣಿಗೆ ನಿಲುಕುವ ಎತ್ತರದಲ್ಲಿ ಬರೆಸುವುದಾಗಿ ಮುಖ್ಯೋಪಾಧ್ಯಾಯಿನಿಯವರು ಈಗಷ್ಟೇ ತಿಳಿಸಿದ್ದಾರೆ. ಮದ್ರಸದ ಗೋಡೆಗೂ ಅದೇ ಬಣ್ಣ ಸಾಕಾಗುವುದು. ಈಗ ನಿಮ್ಮ ಪ್ರಶ್ನೆಗಳಿಗೆ ಅರ್ಧ ಗಂಟೆ ಸಮಯವಿದೆ. ಹಿಂದಿನ ಸಾಲಿನಲ್ಲಿರುವ ತಾಯಂದಿರು ಎದ್ದು ನಿಂತು ಕೇಳಲು ಸಂಕೋಚಪಡುವುದಾದರೆ ಚೀಟಿಯಲ್ಲಿ ಬರೆದು ಕಳುಹಿಸಬಹುದು, ಹೆಸರು ಬರೆಯಬೇಕಾಗಿಲ್ಲ.